ಸ್ಟಿಯರಿಂಗಿನ ಬಲಗಡೆಯ ಧೂಳು

ಹನುಮಾನ್ ಘಾಟಿನ ನಮ್ಮ ಗಲ್ಲಿಗೆ ಕಾರು ಬರುವುದಿಲ್ಲ. ಎದುರಿನಿಂದ ಒಂದು ಹಸು ಬಂದರೆ ನಾವೇ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು, ಇನ್ನು ಕಾರೆಲ್ಲಿಂದ ಬಂತು! ಇಂಥ ಗಲ್ಲಿಯ ಮನೆಯಲ್ಲಿ, ಶ್ರಾದ್ಧದ ಮಣೆಗಳನ್ನು ಒರಗಿಸಿಡುವ ಗೋಡೆಯ ಪಕ್ಕದಲ್ಲೇ, ಕಳೆದ ವರ್ಷ ಒಂದು ಸ್ಟಿಯರಿಂಗ್ ಬಂದು ಕೂತಿತು. ಕಾರಿಲ್ಲ, ಬರೀ ಸ್ಟಿಯರಿಂಗ್. ತಂದವಳು ನನ್ನ ಮಗಳು, ಹಿಡಿದವರು ನನ್ನ ಗಂಡ, ಅದರ ಪರವಾಗಿ ವಕಾಲತ್ತು ಮಾಡಿ ಕೊನೆಗೆ ಪೆಚ್ಚಾದವಳು ನಾನು.

ನಮ್ಮನೆಯವರದು ಪೌರೋಹಿತ್ಯ. ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಂದ ಗಂಗೆಯ ದಡದಲ್ಲಿ ತರ್ಪಣ, ಪಿಂಡಪ್ರದಾನ ಮಾಡಿಸುತ್ತಾರೆ. ಅವರ ಅಪ್ಪನೂ ಇದನ್ನೇ ಮಾಡಿಸುತ್ತಿದ್ದರು. ಮನುಷ್ಯ ಒಳ್ಳೆಯವರೇ, ಆದರೆ ಒಂದು ವಿಷಯ ಬಂದರೆ ಮಾತ್ರ ಕೋಪ ಮೂಗಿನ ತುದಿಗೇ ಬಂದು ಕೂರುತ್ತದೆ. ತರ್ಪಣದ ನೀರು ಅಂಗೈಯ ಯಾವ ಜಾಗದಿಂದ ಬೀಳಬೇಕು ಎನ್ನುವ ವಿಷಯ. ದೇವತೆಗಳಿಗೆ ಬಿಡುವ ನೀರು ಬೆರಳ ತುದಿಯಿಂದ ಇಳಿಯಬೇಕು. ತೀರಿಹೋದ ಹಿರಿಯರಿಗೆ ಬಿಡುವ ಎಳ್ಳುನೀರು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಯಿಂದ ಇಳಿಯಬೇಕು. ಯಾತ್ರಿಕರಿಗೆ ಇದೆಲ್ಲ ಎಲ್ಲಿ ಗೊತ್ತು? ಕೈ ಬಗ್ಗಿಸಿ ಚೆಲ್ಲಿಬಿಡುತ್ತಾರೆ.

"ಅಲ್ಲಿಂದಲ್ಲ ಸ್ವಾಮೀ! ಹೆಬ್ಬೆರಳ ಸಂದಿಯಿಂದ ಬಿಡಿ! ನಿಮ್ಮಪ್ಪನಿಗೆ ಸೇರಬೇಕಾದ ನೀರನ್ನ ಎತ್ತಿ ದೇವತೆಗಳಿಗೆ ಕೊಟ್ರಲ್ಲ!" ಎಂದು ಇವರು ಕೂಗಿದರೆ ಅತ್ತ ಹರಿಶ್ಚಂದ್ರ ಘಾಟ್ ದಾಟಿ ಕೇದಾರ ಘಾಟಿನ ಇಡ್ಲಿ ಅಂಗಡಿಯವರಿಗೂ ಕೇಳಿಸಬೇಕು. "ಪಾಪ, ಅಪ್ಪನ್ನ ಕಳಕೊಂಡು ಅಳುತ್ತಾ ಬಂದವರ ಮೇಲೆ ಹಾಗೆ ಎಗರಾಡ್ತೀರಲ್ಲಾ" ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಕೇಳಿದರೆ ತಾನೆ?

ಹೋದ ವರ್ಷ ಮಳೆಗಾಲ ಮುಗಿದು ಗಂಗೆ ಇಳಿದಾಗ ಎಂದಿನಂತೆ ಮೆಟ್ಟಿಲ ಮೇಲೆಲ್ಲ ಕೆಸರು ಬಿಟ್ಟುಹೋದಳು. ಪೈಪು ಹಿಡಿದು ತೊಳೆಯುವವರು ಕೆಲಸ ಮುಗಿಸುವ ತನಕ ಆ ಕಡೆ ಹೋಗಬೇಡಿ ಎಂದಿದ್ದೆ. ಹೋದರು, ಜಾರಿದರು. ಬಲ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಹೆಬ್ಬೆರಳು ಅಂಗೈಗೆ ಮಡಿಸಿಕೊಂಡು ಮುದುಡಿಯೇ ಉಳಿದಿತ್ತು. ಬಿಚ್ಚು ಎಂದರೆ ಬಿಚ್ಚದು.

ಮನೆಗೆ ಬಂದವರೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ನಾನು ಬಾಗಿಲು ಮೆಲ್ಲಗೆ ತಳ್ಳಿ ಇಣುಕಿದೆ. ಎಡಗೈಯಲ್ಲಿ ಚೊಂಬು ಹಿಡಿದು ಬಲ ಅಂಗೈಗೆ ನೀರು ಬಿಟ್ಟುಕೊಳ್ಳುತ್ತಿದ್ದರು. ಸಂದಿಯನ್ನು ಹೆಬ್ಬೆರಳೇ ಮುಚ್ಚಿತ್ತು. ನೀರು ಹೋಗಲು ಬೇರೆ ದಾರಿಯಿಲ್ಲದೆ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿ, "ಎಲ್ಲಾ ದೇವತೆಗಳ ಪಾಲು ಕಣೇ" ಎಂದರು. ನಗಲಿಕ್ಕೆ ನೋಡಿದರು, ಆಗಲಿಲ್ಲ.

ಮಾಘ ಬಹುಳ ಪಂಚಮಿಗೆ ನಮ್ಮ ಮಾವನವರ ಶ್ರಾದ್ಧ. ಮೂರು ತಿಂಗಳಷ್ಟೇ ಉಳಿದಿತ್ತು. ಇಷ್ಟು ವರ್ಷ ಒಂದು ಸಲವೂ ತಪ್ಪಿಸದೆ ತಮ್ಮ ಕೈಯಿಂದಲೇ ಅಪ್ಪನಿಗೆ ನೀರು ಬಿಟ್ಟವರು ಇವರು. ಗಯಾದಲ್ಲಿ ಪೌರೋಹಿತ್ಯ ಮಾಡಿಕೊಂಡಿರುವ ನನ್ನ ಮೈದುನ ಫೋನು ಮಾಡಿ, "ಅಣ್ಣಾ, ಈ ಸಲ ನಾನೇ ಬಂದು ಮಾಡ್ತೀನಿ ಬಿಡು, ನೀನು ಪಕ್ಕದಲ್ಲಿ ಕೂತಿರು" ಎಂದ. ಪ್ರೀತಿಯಿಂದಲೇ ಹೇಳಿದ. ಇವರು ಮಾತು ಮುಗಿಯುವ ಮೊದಲೇ ಫೋನು ಇಟ್ಟುಬಿಟ್ಟರು. ಊರಿಗೆಲ್ಲ ಹೆಬ್ಬೆರಳ ಸಂದಿಯ ಪಾಠ ಹೇಳಿದವರು ತಮ್ಮ ಅಪ್ಪನ ತಿಥಿಗೆ ಸುಮ್ಮನೆ ಪಕ್ಕದಲ್ಲಿ ಕೂರುವುದೆಂದರೆ ಹೇಗಾಗಬೇಡ!

ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿ ಎಂದಿದ್ದರು, ಬೆರಳನ್ನು ಹಿಗ್ಗಿಸುವುದನ್ನೂ ತೋರಿಸಿದ್ದರು. ನಾಲ್ಕು ದಿನ ಹಿಸುಕಿದರು. ಐದನೆಯ ದಿನ ಸಿಟ್ಟು ಬಂದು ಕಿಟಕಿಯಿಂದ ಎಸೆದರು. ಎದುರು ಮಹಡಿಯ ಮೇಲಿದ್ದ ಕೋತಿ ಅದನ್ನು ಎತ್ತಿಕೊಂಡು ಹೋಯಿತು. "ಅದಾದ್ರೂ ಚೆನ್ನಾಗಿ ಹಿಸುಕಲಿ" ಎಂದರು. ಇದು ನಮ್ಮನೆಯವರ ಸ್ವಭಾವ.

ಆಗ ಮಗಳು ನಡುವೆ ಬಂದಳು. ಇಪ್ಪತ್ತೊಂದು ವರ್ಷದ ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಕಾಲೇಜಿನಿಂದ ಬಂದ ಮೇಲೆ ಟೀವಿಗೆ ಒಂದು ಡಬ್ಬಿ ಜೋಡಿಸಿಕೊಂಡು ಕಾರು ರೇಸಿನ ಗೇಮ್ ಆಡುವುದು ಅವಳ ಹುಚ್ಚು. ಎರಡು ಕೈಯಲ್ಲೂ ಹಿಡಿದು ಆಡುವ ಒಂದು ಕಂಟ್ರೋಲರ್ ಇತ್ತು, ಅದರ ಮೇಲೆ ಅಣಬೆಯಂಥ ಎರಡು ಪುಟ್ಟ ಕಡ್ಡಿಗಳು. ಅದನ್ನು ಅಪ್ಪನ ಕೈಗೆ ಕೊಟ್ಟು, "ಅಪ್ಪಾ, ಇದರಲ್ಲಿ ಸಾರಾ ಕೆಲಸ ಹೆಬ್ಬೆರಳಿಂದೇ. ಎಕ್ಸರ್ಸೈಜ್ ಅಂತ ಗೊತ್ತೇ ಆಗಲ್ಲ. ಟ್ರೈ ಮಾಡಿ ನಾ!" ಎಂದಳು.

ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹೆಬ್ಬೆರಳಲ್ಲಿ ಕಾರು ಓಡಿಸೋದಾ? ಥೂ! ಓಡಿಸೋದಾದ್ರೆ ಸ್ಟಿಯರಿಂಗ್ ಹಿಡಿದು ಓಡಿಸಬೇಕು. ಇದೆಂಥಾ ಮಕ್ಕಳಾಟ?"

ಇಲ್ಲಿ ನಾನು ಬಾಯಿ ಹಾಕಿದೆ. ನಮ್ಮಪ್ಪ ಮೈಸೂರಿನಲ್ಲಿ ಬಸ್ ಡ್ರೈವರ್. ಚಿಕ್ಕವಳಿದ್ದಾಗ ಡ್ರೈವರ್ ಸೀಟಿನ ಪಕ್ಕದ ಬಿಸಿ ಇಂಜಿನ್ ಪೆಟ್ಟಿಗೆಯ ಮೇಲೆ ಟವೆಲ್ ಹಾಸಿಕೊಂಡು ಕೂತು, ಅಪ್ಪ ಆ ಮೊರದಗಲದ ಸ್ಟಿಯರಿಂಗನ್ನು ಮೈಯೆಲ್ಲ ವಾಲಿಸಿ ತಿರುಗಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವಳು ನಾನು. ಅವರ ಕೈಯುಜ್ಜಿ ಉಜ್ಜಿ ಅದರ ಎರಡು ಮಗ್ಗುಲಲ್ಲೂ ಬಣ್ಣ ಹೋಗಿತ್ತು. ವಾಹನ ಓಡಿಸುವುದೆಂದರೆ ನನಗೆ ಅದೇ. "ಅವರು ಹೇಳೋದು ಸರಿ. ತಂದ್ರೆ ಸ್ಟಿಯರಿಂಗ್ ತಾ, ಇಲ್ಲದಿದ್ರೆ ಸುಮ್ಮನಿರು" ಎಂದೆ. ಮಗಳು ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು. "ಅಮ್ಮಾ, ರೇಸ್‌ನಲ್ಲಿ ಕಂಟ್ರೋಲರ್ ಕೂಡ ಕಮ್ಮಿ ಇಲ್ಲ, ಸಮ್ಝೀ?" ಎಂದು ಗೊಣಗಿಕೊಂಡೇ ಗೆಳತಿಯ ಮನೆಯಿಂದ ಒಂದು ಸ್ಟಿಯರಿಂಗ್ ಎರವಲು ತಂದಳು.

ಬಂದ ದಿನದ ಗಲಾಟೆ ಕೇಳಬೇಡಿ. ಅದಕ್ಕೆ ಮೇಜು ಬೇಕು, ನಮ್ಮ ಮನೆಯಲ್ಲಿ ಮೇಜೇ ಇಲ್ಲ. ನೆಲದಲ್ಲಿ ಕೂತು ಉಣ್ಣುವ, ನೆಲದಲ್ಲಿ ಕೂತು ಓದುವ ಜನ ನಾವು. ಕಡೆಗೆ ಅಕ್ಕಿಯ ಹಳೆಯ ಮರದ ಪೆಟ್ಟಿಗೆಯ ಅಂಚಿಗೆ ಸ್ಕ್ರೂ ಬಿಗಿದೆವು. ಕಾಲಿನ ಪೆಡಲುಗಳು ಬೇರೆ. ನುಣುಪು ಕಲ್ಲಿನ ನೆಲದ ಮೇಲೆ ಇವರು ಬ್ರೇಕ್ ಒತ್ತಿದರೆ ಪೆಡಲು ಸರ್ರನೆ ಜಾರಿ ದೇವರ ಮನೆಯ ಬಾಗಿಲಿಗೆ ಹೋಗಿ ಬಡಿಯುತ್ತಿತ್ತು. ನನ್ನ ರುಬ್ಬುಗುಂಡನ್ನು ತಂದು ಅದರ ಹಿಂದೆ ಆನಿಸಿದರು. "ನಾಳೆ ದೋಸೆಗೆ ಯಾವುದರಲ್ಲಿ ರುಬ್ಬಲಿ?" ಎಂದರೆ, "ಮಿಕ್ಸಿಯಲ್ಲಿ" ಎಂದರು. ಮಿಕ್ಸಿಯಲ್ಲಿ ರುಬ್ಬಿದ ದೋಸೆಯನ್ನು ಇಪ್ಪತ್ತೈದು ವರ್ಷ ಮೂದಲಿಸಿದವರು! ಕೈಯಿಡುವ ಮೊದಲು, "ಇದರ ಹೊದಿಕೆ ಚರ್ಮದ್ದಲ್ಲ ತಾನೆ?" ಎಂದು ಮಗಳನ್ನು ಮೂರು ಸಲ ಕೇಳಿದರು. ರಬ್ಬರು ಎಂದು ಖಾತ್ರಿಯಾದ ಮೇಲೆ ಕಣ್ಣಿಗೊತ್ತಿಕೊಂಡು ಕೂತರು.

ನಿಜ ಹೇಳಬೇಕೆಂದರೆ ಆ ಸ್ಟಿಯರಿಂಗ್ ಸೊಗಸಾಗಿತ್ತು. ಒಳಗಿನ ಮೋಟಾರು ಕೈಯನ್ನು ಎಳೆಯುತ್ತದೆ. ರಸ್ತೆ ಒರಟಾದರೆ ನಡುಗುತ್ತದೆ, ತಿರುವಿನಲ್ಲಿ ಗಟ್ಟಿಯಾಗುತ್ತದೆ. ಪಂಚೆ ಎತ್ತಿ ಕಟ್ಟಿ, ಮೋಡಾ ಎನ್ನುವ ಬೆತ್ತದ ಪೀಠದ ಮೇಲೆ ಕೂತು ಇವರು ತಿರುವಿನಲ್ಲಿ ಮೈ ವಾಲಿಸುವುದನ್ನು ನೋಡಿ ನನಗೆ ನಮ್ಮಪ್ಪ ಕಣ್ಣ ಮುಂದೆ ಬಂದರು. ನಾನೂ ಒಂದು ಸುತ್ತು ಓಡಿಸಿದೆ. ಹೊಟ್ಟೆಯೊಳಗೆ ಹಾಲು ಹುಯ್ದ ಹಾಗಾಯಿತು.

ಇವರದೊಂದು ನಿಯಮ. ಎಡಸುತ್ತಿನ ಟ್ರ್ಯಾಕ್ ಬಂದರೆ ಓಡಿಸುವುದಿಲ್ಲ. "ಅದು ಅಪ್ರದಕ್ಷಿಣ. ದೇವಸ್ಥಾನ ಯಾರಾದ್ರೂ ಹಿಂದುಮುಂದಾಗಿ ಸುತ್ತುತ್ತಾರಾ?" ಮಗಳು ಹಣೆ ಹಣೆ ಚಚ್ಚಿಕೊಂಡಳು. ಬಲಸುತ್ತಿನ ಟ್ರ್ಯಾಕುಗಳನ್ನೇ ಹುಡುಕಿ ಕೊಟ್ಟಳು. ಮಧ್ಯಾಹ್ನದ ಊಟವಾದ ಮೇಲೆ ದಿನಾ ಒಂದೂವರೆ ಗಂಟೆ ಇವರ ಪ್ರದಕ್ಷಿಣೆ. ತಿಂಗಳು ಕಳೆಯುವಷ್ಟರಲ್ಲಿ ಗೋಡೆಗೆ ಗುದ್ದುವುದು ನಿಂತಿತು. ಇನ್ನೊಂದು ವಾರಕ್ಕೆ ಮಗಳನ್ನೇ ಹಿಂದೆ ಹಾಕಿದರು. ನಮ್ಮ ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು. ಮೈದುನನಿಗೆ ತಾವೇ ಫೋನು ಮಾಡಿ, "ನೀನು ಬರೋದು ಬೇಕಾಗಿಲ್ಲ ಕಣೋ, ಕೈ ಸರಿಹೋಗ್ತಾ ಇದೆ" ಎಂದರು. ನಾನು ಮಗಳಿಗೆ, "ನೋಡಿದ್ಯಾ? ಸ್ಟಿಯರಿಂಗ್ ಅಂದ್ರೆ ಸ್ಟಿಯರಿಂಗ್!" ಎಂದು ಹೆಮ್ಮೆಯಿಂದ ಬೀಗಿದೆ.

ಕಾಶಿಯ ಧೂಳು ನಿಮಗೆ ಗೊತ್ತಿರಬಹುದು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಬೆರಳಲ್ಲಿ ಅಕ್ಷರ ಬರೆಯಬಹುದು. ಮಾಘಕ್ಕೆ ಇನ್ನು ಐದು ವಾರ ಇರುವಾಗ, ಅವರು ಇಲ್ಲದ ಹೊತ್ತಿನಲ್ಲಿ, ಅಕ್ಕಿ ಪೆಟ್ಟಿಗೆ ಒರೆಸುತ್ತಾ ಸ್ಟಿಯರಿಂಗಿಗೂ ಬಟ್ಟೆ ಹಾಕಿದೆ. ಎಡಗಡೆ ಬೆವರಿನಿಂದ ಫಳಫಳ ಹೊಳೆಯುತ್ತಿತ್ತು. ಬಲಗಡೆ ಮಟ್ಟಸವಾಗಿ ಧೂಳು ಕೂತಿತ್ತು. ಬೆರಳಿನ ಗುರುತು ಒಂದೂ ಇಲ್ಲ.

ನನಗೆ ನಮ್ಮಪ್ಪನ ಬಸ್ಸು ನೆನಪಾಯಿತು. ಎರಡು ಮಗ್ಗುಲಲ್ಲೂ ಬಣ್ಣ ಹೋಗಿತ್ತಲ್ಲ! ಬಟ್ಟೆ ಕೈಯಲ್ಲೇ ಉಳಿಯಿತು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನನಗೆ ಬೆಂಕಿ ಹತ್ತಿತ್ತು.

"ಏನ್ರೀ ಇದು? ಇಷ್ಟು ದಿನ ಒಂದೇ ಕೈಯಲ್ಲಿ ಓಡಿಸಿದ್ದೀರಾ?"

ಅವರು ಬಲಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡರು.

"ಬಲಗೈ ಎಲ್ಲಿ ಇಟ್ಕೊಂಡಿದ್ರಿ? ತೊಡೆ ಮೇಲಾ? ನಾವಿಬ್ರೂ ಟೀವಿ ನೋಡ್ತಾ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು! ತಮ್ಮನಿಗೆ ಬರಬೇಡ ಅಂದ್ರಿ! ಯಾರ ಕಣ್ಣಿಗೆ ಮಣ್ಣೆರಚಿದ್ರಿ ನೀವು?" ಎಂದು ಚೊಂಬು ತಂದು ಅವರ ಮುಂದೆ ಕುಕ್ಕಿದೆ. "ಬಿಡಿ ನೀರು. ನೋಡೋಣ."

ಬಿಟ್ಟರು. ನೀರು ಬೆರಳ ತುದಿಯಿಂದಲೇ ತೊಟ್ಟಿಕ್ಕಿತು. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಹೇಗಿತ್ತೋ ಹಾಗೆಯೇ.

"ನೋಯುತ್ತೆ ಕಣೇ," ಎಂದರು, ತಲೆ ಎತ್ತದೆ. "ಬಿಚ್ಚೋಕೆ ಹೋದ್ರೆ ಮಿಂಚು ಹೊಡೆದ ಹಾಗೆ ನೋಯುತ್ತೆ. ಸ್ಟಿಯರಿಂಗ್ ಹಿಡಿದಾಗ ಎಡಗೈಯೇ ಎಲ್ಲಾ ಮಾಡ್ತಾ ಇತ್ತು. ಗಾಡಿ ಸರಿಯಾಗಿ ಹೋಗ್ತಾ ಇತ್ತಲ್ಲ, ಕೈಯೂ ಸರಿಹೋಗ್ತಿದೆ ಅಂತ ನನಗೆ ನಾನೇ ಹೇಳ್ಕೊಂಡೆ. ಅಪ್ಪನ ಮುಂದೆ ಹೋಗಿ ಕೂತ್ಕೊಂಡಾಗ ಏನು ಮಾಡ್ತೀನೋ ಅಂತ ಹೆದರಿಕೆ ನನಗೆ."

ಇಪ್ಪತ್ತೈದು ವರ್ಷದಲ್ಲಿ ಅವರ ಬಾಯಲ್ಲಿ ಹೆದರಿಕೆ ಎಂಬ ಮಾತು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು ಸೆರಗಿನಲ್ಲಿ ಅವರ ಒದ್ದೆ ಕೈ ಒರೆಸಿದೆ.

ಮಗಳು ಬಂದಾಗ ನಡೆದದ್ದನ್ನು ನಾನೇ ಹೇಳಿದೆ. "ನಾನು ಹೇಳಿರಲಿಲ್ವಾ?" ಎನ್ನುತ್ತಾಳೆ ಎಂದುಕೊಂಡಿದ್ದೆ, ಅನ್ನಲಿಲ್ಲ ಪುಣ್ಯಾತ್ಗಿತ್ತಿ. ಸುಮ್ಮನೆ ಕಂಟ್ರೋಲರ್ ಎತ್ತಿಕೊಂಡು ಏನೇನೋ ಬದಲಾಯಿಸಿದಳು. ವೇಗ, ಬ್ರೇಕು ಎಲ್ಲ ಎಡಗೈಗೆ ಹಾಕಿದಳು. ಗಾಡಿ ತಿರುಗಿಸುವುದು ಮಾತ್ರ ಬಲಗಡೆಯ ಪುಟ್ಟ ಕಡ್ಡಿಗೆ, ಅಂದರೆ ಬಲ ಹೆಬ್ಬೆರಳೊಂದಕ್ಕೇ. "ಸ್ಟಿಯರಿಂಗ್‌ನಲ್ಲಿ ಒಂದು ಕೈ ಕಾಮ್‌ಚೋರ್ ಆಗಿ ಸುಮ್ಮನೆ ಕೂತ್ರೂ ಗಾಡಿ ನಡೆಯುತ್ತೆ ಅಪ್ಪಾ. ಇದರಲ್ಲಿ ಹೆಬ್ಬೆರಳು ಹಿಲೇಗಾ ನಹೀಂ, ಅಲ್ಲಾಡಲ್ಲ ಅಂದ್ರೆ ಗಾಡಿ ನೇರ ದೀವಾರ್‌ಗೆ" ಎಂದಳು.

ನೇರ ಗೋಡೆಗೇ ಹೋಯಿತು. ಮೊದಲ ದಿನ ಒಂದು ತಿರುವೂ ದಾಟಲಿಲ್ಲ. ಮಗಳನ್ನು ಸೋಲಿಸಿದ್ದ ಮನುಷ್ಯ ಕೂಸಿನ ಹಾಗೆ ಎಲ್ಲೆಂದರಲ್ಲಿ ಗುದ್ದಿದರು. ಹಲ್ಲು ಕಚ್ಚಿ, ಹಣೆಯ ಮೇಲೆ ಬೆವರು, ಆ ಚಳಿಯಲ್ಲಿ. ಕಂಟ್ರೋಲರನ್ನೂ ಕೋತಿಗೆ ಕೊಡುತ್ತಾರೆಂದು ನಾನು ಕಿಟಕಿ ಹಾಕಿಯೇ ಇಟ್ಟೆ. ಆದರೆ ಎಸೆಯಲಿಲ್ಲ. ಮಾರನೆಯ ದಿನ ಊಟವಾಗುತ್ತಲೇ ತಾವೇ ಹೋಗಿ ಕೂತರು.

ಒಂದು ವಾರ ಕಳೆದ ಮೇಲೆ ಮಗಳು ಒಂದು ವಿಷಯ ಕಂಡುಹಿಡಿದಳು. ಬಲಕ್ಕೆ ತಿರುಗಿಸುವಾಗ ಹೆಬ್ಬೆರಳು ಮಡಿಸಿಕೊಳ್ಳುತ್ತದೆ, ಅದು ಇವರಿಗೆ ಸುಲಭ. ಎಡಕ್ಕೆ ತಿರುಗಿಸಬೇಕಾದರೆ ಅದು ಬಿಚ್ಚಿ ಮುಂದೆ ಚಾಚಬೇಕು. ಅಲ್ಲೇ ಗೋಡೆಗೆ ಹೋಗುತ್ತಿದ್ದದ್ದು. "ಅಪ್ಪಾ, ನಿಮಗೆ ಎಡಸುತ್ತಿನ ಟ್ರ್ಯಾಕ್ ಬೇಕು. ಆದ್ರೆ ನೀವು ಅಪ್ರದಕ್ಷಿಣ ಅಂತೀರಿ" ಎಂದು ಹೆದರಿ ಹೆದರಿ ಹೇಳಿದಳು.

ಇವರು ಕಂಟ್ರೋಲರನ್ನು ಕೆಳಗಿಟ್ಟು, ಎಡ ಹೆಗಲ ಮೇಲಿದ್ದ ಜನಿವಾರವನ್ನು ತೆಗೆದು ಬಲ ಹೆಗಲಿಗೆ ಹಾಕಿಕೊಂಡರು. ಹಿರಿಯರ ಕಾರ್ಯ ಮಾಡುವಾಗ ಮಾತ್ರ ಹಾಗೆ ಹಾಕಿಕೊಳ್ಳುವುದು.

"ಏನ್ರೀ ಇದು, ಆಟಕ್ಕೆಲ್ಲಾ?" ಎಂದೆ.

"ಆಟ ಯಾರಿಗೆ ಕಣೇ? ಅಪ್ಪನ ಕೆಲಸ ಇದು. ಪಿತೃಕಾರ್ಯದಲ್ಲಿ ಎಲ್ಲಾ ಎಡಸುತ್ತೇ. ಇಷ್ಟು ದಿನ ನನಗೆ ಹೊಳೆಯಲಿಲ್ಲ ನೋಡು" ಎಂದು ಮಗಳ ಕಡೆ ತಿರುಗಿ, "ಹಾಕಮ್ಮಾ, ಯಾವುದು ತುಂಬಾ ಎಡಕ್ಕೆ ತಿರುಗುತ್ತೋ ಅದನ್ನೇ ಹಾಕು" ಎಂದರು.

ಅಲ್ಲಿಂದ ಮುಂದಿನ ನಾಲ್ಕು ವಾರ ನಾನು ನೋಡಿದ್ದನ್ನು ಸಾಯುವ ತನಕ ಮರೆಯುವುದಿಲ್ಲ. ಪ್ರತಿ ತಿರುವಿಗೂ ಆ ಮುದುಡಿದ ಹೆಬ್ಬೆರಳು ನಡುಗುತ್ತಾ ಒಂದು ಎಳ್ಳಿನಷ್ಟು ಮುಂದೆ ಹೋಗುವುದು, ಕಡ್ಡಿ ಹಿಂದಕ್ಕೆ ನೂಕುವುದು, ಇವರು "ಹಾ" ಎಂದು ಉಸಿರೆಳೆದು ಮತ್ತೆ ಚಾಚುವುದು. ಮಗಳು ಪಕ್ಕದಲ್ಲಿ ಕೂತು, "ಧೀರೇ, ನಿಧಾನ ಅಪ್ಪಾ, ತಿರುವು ಬಂತು, ಈಗ ಸ್ವಲ್ಪ, ಇನ್ನೂ ಸ್ವಲ್ಪ, ಔರ್ ಥೋಡಾ, ಬಸ್!" ಎನ್ನುವಳು. ಆ ಪುಟ್ಟ ಕಡ್ಡಿಯನ್ನು ನಾನು ಆಟಿಕೆ ಎಂದುಕೊಂಡಿದ್ದೆನಲ್ಲ, ಅದು ಕೂದಲೆಳೆಯಷ್ಟು ಒತ್ತಿದರೆ ಕೂದಲೆಳೆಯಷ್ಟೇ ತಿರುಗುತ್ತದೆ, ಸುಳ್ಳು ಹೇಳಲು ಬಿಡುವುದಿಲ್ಲ. ಸ್ಟಿಯರಿಂಗ್ ಎಷ್ಟು ಚೆಂದವೆಂದು ನಾನು ಈಗಲೂ ಹೇಳುತ್ತೇನೆ, ಆದರೆ ನನ್ನ ಗಂಡನ ಕೈಗೆ ಬೇಕಾಗಿದ್ದದ್ದು ಅದಲ್ಲ. ಅದನ್ನು ಗೆಳತಿಗೆ ವಾಪಸು ಕೊಡುವಾಗ ಎರಡು ಕಡೆಯೂ ಚೆನ್ನಾಗಿ ಒರೆಸಿ ಕೊಟ್ಟೆ. ರುಬ್ಬುಗುಂಡು ನನಗೆ ವಾಪಸು ಬಂತು.

ಚೊಂಬಿನ ನೀರಿನ ಪರೀಕ್ಷೆಯನ್ನು ಮಾತ್ರ ಇವರು ಮತ್ತೆ ಮಾಡಲಿಲ್ಲ. ನಾನೂ ಕೇಳಲಿಲ್ಲ. ಮೈದುನನಿಗೆ ಫೋನು ಮಾಡಿ, "ಬಾ" ಎಂದಷ್ಟೇ ಹೇಳಿದರು.

ಪಂಚಮಿಯ ದಿನ ಮೈದುನ ಬೆಳಿಗ್ಗೆಯೇ ಗಂಗೆಯಲ್ಲಿ ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಬಂದು ಸಿದ್ಧನಾಗಿ ಕೂತ. ಅಣ್ಣನ ಕೈಯಲ್ಲಿ ಆಗದಿದ್ದರೆ ತಾನು ಮುಂದುವರಿಸುವುದೆಂದು ಅವರಿಬ್ಬರೂ ಮಾತಾಡಿಕೊಂಡಿದ್ದರು. ನಾನು ಮಡಿಯಲ್ಲಿ ವಡೆ ಕರಿಯುತ್ತಿದ್ದವಳು ಒಲೆ ಆರಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಮಗಳು ನನ್ನ ಹಿಂದೆ ನಿಂತಿದ್ದಳು.

ತರ್ಪಣಕ್ಕೆ ಬಂತು, ಮೊದಲು ಅಪ್ಪನಿಗೆ, ಆಮೇಲೆ ಅವರ ಹಿಂದಿನ ಹಿರಿಯರಿಗೆ. ಇವರು ಜನಿವಾರ ಬಲ ಹೆಗಲಿಗೆ ಹಾಕಿಕೊಂಡು, ಬಲ ಅಂಗೈಗೆ ಕರಿ ಎಳ್ಳು ಹಾಕಿ, ಎಡಗೈಯಲ್ಲಿ ಚೊಂಬು ಬಗ್ಗಿಸಿದರು. ಮೈದುನ ಮಂತ್ರ ಹೇಳಿಕೊಟ್ಟ, ಅಪ್ಪನ ಗೋತ್ರ, ಅಪ್ಪನ ಹೆಸರು. ನೀರು ಅಂಗೈ ತುಂಬಿ ನಿಂತಿತು. ಹೆಬ್ಬೆರಳು ಅಲುಗಲಿಲ್ಲ. ಸ್ವಲ್ಪ ಮುಂದಕ್ಕೆ ಬಗ್ಗಿಸಿದ್ದರೆ ಬೆರಳ ತುದಿಯಿಂದ ಹೋಗಿಬಿಡುತ್ತಿತ್ತು. ಬಗ್ಗಿಸಲಿಲ್ಲ. ಮೈದುನ ಕೈ ಚಾಚಲು ಹೋದವನು ಹಿಂದಕ್ಕೆ ತೆಗೆದುಕೊಂಡ.

ಆಗ ಅವರ ಹೆಗಲು ನಿಧಾನವಾಗಿ ಎಡಕ್ಕೆ ವಾಲಿತು. ತಿರುವಿನಲ್ಲಿ ವಾಲುತ್ತಿದ್ದರಲ್ಲ, ಹಾಗೆಯೇ. "ಔರ್ ಥೋಡಾ" ಎಂದು ಮಗಳು ನನ್ನ ಬೆನ್ನ ಹಿಂದೆ ಪಿಸುಗುಟ್ಟಿದಳು. ಹೆಬ್ಬೆರಳು ನಡುಗಿತು, ಬಿಚ್ಚಿತು, ಸಂದಿ ತೆರೆಯಿತು. ಎಳ್ಳು ತುಂಬಿದ ನೀರು ಆ ಸಂದಿಯಿಂದಲೇ ಇಳಿದು ತಟ್ಟೆಗೆ ಬಿತ್ತು. ಮೂರು ಸಲ ಬಿಡಬೇಕು, ಮೂರು ಸಲವೂ ಅಲ್ಲಿಂದಲೇ ಬಿತ್ತು.

ನಾನು ಬಿಕ್ಕಿ ಬಿಕ್ಕಿ ಅತ್ತೆ, ಮಡಿಸೀರೆಯ ಸೆರಗು ಒದ್ದೆಯಾಗುವ ಹಾಗೆ. ಇವರು ಮಂತ್ರ ನಿಲ್ಲಿಸಿಬಿಟ್ಟಿದ್ದರು. ಒಂದು ಅಕ್ಷರ ತಪ್ಪಿದರೂ ಸಹಿಸದ ಮನುಷ್ಯ ನಡುವೆ ನಿಲ್ಲಿಸಿ, ಆ ತಟ್ಟೆಯ ನೀರನ್ನು ನೋಡುತ್ತಾ, "ಅಪ್ಪಾ, ಬಂತಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದರು.

ಮೈದುನ ಕಣ್ಣೊರೆಸಿಕೊಂಡು ಎಳ್ಳಿನ ಬಟ್ಟಲನ್ನು ಅಣ್ಣನ ಕಡೆಗೆ ಸರಿಸಿ ಹೇಳಿದ:

"ಬಂತು ಅಣ್ಣಾ. ಈಗ ತಾತ ಕಾಯ್ತಾ ಇದ್ದಾರೆ, ನೀರು ಬಿಡು."